ಹಸಿರೆಲ್ಲ ಕೆಂಪಾದ ಚಿತ್ರ

ಉದ್ದನೆಯ ಕಾಗದವೊಂದನ್ನು ಸುರುಳಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು, ಚಿಕ್ಕಬಳ್ಳಾಪುರದಿಂದ ಚಿಂತಾಮಣಿ ಕಡೆಗೆ ಹೋಗುವ ಸಂಜೆಯ ಬಸ್ಸು ಹತ್ತಿದರೆ ಲೋಕ ನಿಮ್ಮನ್ನು ಎಂಥ ಕುತೂಹಲದಿಂದ ನೋಡುತ್ತದೆ ಎಂಬುದನ್ನು ನೀವೂ ಒಮ್ಮೆ ಅನುಭವಿಸಬೇಕು. ಸೊಂಟದ ಮೇಲೆ ಕೂಸಿದ್ದರೂ ಸೀಟು ಬಿಡದವರು ಸುರುಳಿ ಮುದುರೀತೆಂದು ಸರಿದು ಕೂರುತ್ತಾರೆ. ಅಂದು ನನ್ನ ಪಕ್ಕದಲ್ಲಿ ರೇಷ್ಮೆಗೂಡು ಮಾರಿ ಖಾಲಿ ಚೀಲ ಮಡಚಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು ಶಿಡ್ಲಘಟ್ಟ ದಾಟುವವರೆಗೂ ತಡೆದುಕೊಂಡು, ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು.

"ಏನಮ್ಮಾ ಅದು, ಕ್ಯಾಲೆಂಡರಾ?"

"ಅಲ್ಲಪ್ಪಾ, ನಮ್ಮ ಕಡೆ ಊರುಗಳ ಫೋಟೊ. ಆಕಾಶದಿಂದ ಉಪಗ್ರಹ ತೆಗೆದಿರೋದು."

"ಓಹೋ. ನಮ್ಮನೆ ಬಂದಿದ್ಯಾ?"

"ಅಷ್ಟು ಸಣ್ಣದೆಲ್ಲ ಕಾಣಲ್ಲ."

"ಹಂಗಾದ್ರೆ ಸರಿಯಾಗಿ ತೆಗ್ದಿಲ್ಲ ಬಿಡಿ" ಎಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ವಿಜ್ಞಾನದ ಅಷ್ಟು ದೊಡ್ಡ ಸಾಧನೆಯನ್ನು ಅಷ್ಟು ಚಿಕ್ಕ ವಾಕ್ಯದಲ್ಲಿ ಮುಗಿಸಿದ್ದನ್ನು ನಾನು ಅದಕ್ಕೆ ಮೊದಲೂ ನಂತರವೂ ಕಂಡಿಲ್ಲ.

ನಾನು ಆಗ ಚಿಂತಾಮಣಿ ರಸ್ತೆಯ ಬದಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾಗಿ ಹೊಸ ಸಂಸಾರ ಹೂಡಿದ ಕಾಲ ಅದು. ಶಾಲೆಯ ಗೋಡೆಯ ಮೇಲಿನ ಭೂಪಟಕ್ಕೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಮಕ್ಕಳಿಗೆ ದೂರಸಂವೇದನೆಯ ಪರಿಚಯ ಮಾಡಿಸಬೇಕು ಎಂದು ಯಾರಿಗೋ ತೋಚಿ, ಅದಕ್ಕೆ ಮೊದಲು ಮೇಷ್ಟರುಗಳಿಗೆ ಪರಿಚಯ ಮಾಡಿಸುವುದು ಕ್ಷೇಮವೆಂದು ಇನ್ಯಾರಿಗೋ ತೋಚಿ, ಚಿಕ್ಕಬಳ್ಳಾಪುರದಲ್ಲಿ ನಮಗೆಲ್ಲ ತರಬೇತಿ ಇಟ್ಟಿದ್ದರು. ಪಾಠ ಹೇಳಲು ಬಂದ ಯುವ ವಿಜ್ಞಾನಿ ಬಲು ಉತ್ಸಾಹಿ. ಊಟವಾದ ಮೇಲಿನ ಹೊತ್ತಿನಲ್ಲಿ ಭೂಮಿಯ ಮೇಲಿನ ಅರ್ಧಕ್ಕರ್ಧ ಶಿಕ್ಷಕವರ್ಗ ಕಣ್ಣು ಮುಚ್ಚಿದ್ದರೂ ಅವರು ಮಾತ್ರ, ಮುಟ್ಟದೆ, ಹತ್ತಿರ ಹೋಗದೆ, ದೂರದಿಂದಲೇ ವಸ್ತುವಿನ ಗುಣವನ್ನು ಅರಿಯುವುದೇ ದೂರಸಂವೇದನೆ ಎಂದು ಎಚ್ಚರವಾಗಿದ್ದ ಮಿಕ್ಕರ್ಧಕ್ಕೆ ವಿವರಿಸುತ್ತಿದ್ದರು. ಅಡುಗೆಮನೆಯಲ್ಲಿ ನಿಂತೇ ಅಂಗಳದಲ್ಲಿರುವ ಮಗು ಮಣ್ಣು ತಿನ್ನುತ್ತಿದೆ ಎಂದು ತಿಳಿಯುವ ತಾಯಂದಿರು ಈ ವಿದ್ಯೆಯನ್ನು ಯಾವ ತರಬೇತಿಯಲ್ಲಿ ಕಲಿತರೋ ಎಂದು ನಾನು ಯೋಚಿಸುತ್ತಿದ್ದಾಗ, ನನ್ನ ಕೈಗೆ ಆ ಸುರುಳಿ ಬಂತು.

ಮಾರನೆಯ ದಿನ ಅದನ್ನು ನಮ್ಮ ಹೆಡ್ಮಾಸ್ಟರು ನಾರಾಯಣಪ್ಪನವರ ಮುಂದೆ ಬಿಡಿಸಿದೆ. ಅವರು ಗಣಿತದವರು. ಗೌರಿಬಿದನೂರಿನವರು. ಗಂಟೆ ಹೊಡೆಯುವುದು ಒಂದು ಕ್ಷಣ ತಡವಾದರೂ ಭೂಮಿ ತನ್ನ ಕಕ್ಷೆಯಿಂದ ಜಾರುತ್ತದೆ ಎಂದು ನಂಬಿದ್ದ ಮನುಷ್ಯ. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಮೇಡಂ, ಈ ಮಕ್ಕಳಿಗೆ ಕೆಳಗಿಂದ ನೋಡಿದ ಭೂಮೀನೇ ಪರೀಕ್ಷೇಲಿ ಬರೆಯೋಕೆ ಬರಲ್ಲ. ಇನ್ನು ಮೇಲಿಂದ ನೋಡಿದ್ದು ಯಾಕೆ?"

ಹಾಗೆಂದರೂ ಚಿತ್ರಕ್ಕೆ ತಮ್ಮ ಕೊಠಡಿಯ ಎದುರಿನ ಪಡಸಾಲೆಯ ಗೋಡೆಯನ್ನೇ ಕೊಟ್ಟರು. ಅಲ್ಲಿ ಗಾರೆ ಕಿತ್ತು ಬಂದಿತ್ತು. ಚಿತ್ರ ಅದನ್ನು ಅಚ್ಚುಕಟ್ಟಾಗಿ ಮುಚ್ಚಿತು. ಬಾಹ್ಯಾಕಾಶ ತಂತ್ರಜ್ಞಾನ ನಮ್ಮ ಶಾಲೆಗೆ ಮಾಡಿದ ಮೊದಲ ಉಪಕಾರ ಅದು.

ಆ ಚಿತ್ರದ ವಿಶೇಷ ಏನೆಂದರೆ, ಅದರಲ್ಲಿ ಹಸಿರಾಗಿರಬೇಕಾದದ್ದೆಲ್ಲ ಕೆಂಪಗಿತ್ತು. ಹಿಪ್ಪುನೇರಳೆ ತೋಟ ಕೆಂಪು, ಮಾವಿನ ತೋಪು ಕೆಂಪು, ಗುಡ್ಡದ ಕುರುಚಲು ಮಾಸಿದ ಕೆಂಪು. ಒಂಬತ್ತನೇ ತರಗತಿಯ ಮಕ್ಕಳು ಅದರ ಮುಂದೆ ಗುಂಪುಗೂಡಿದ್ದೇ ತಡ, ಶಬಾನಾ ಎಂಬ ಚುರುಕು ಹುಡುಗಿ, "ಮಿಸ್, ನಮ್ಮೂರಿಗೆ ಬೆಂಕಿ ಬಿದ್ದಿದ್ಯಾ?" ಎಂದಳು. ಒಬ್ಬ ರಕ್ತ ಅಂದ, ಒಬ್ಬಳು ಕುಂಕುಮ ಅಂದಳು, ಊಟದ ಹೊತ್ತು ಹತ್ತಿರವಾಗಿದ್ದರಿಂದ ಇನ್ನೊಬ್ಬ ಖಾರದ ಪುಡಿ ಅಂದ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ನಿಧಾನವಾಗಿ ಕೇಳಿತು.

"ಎಲ್ಲಿದೆ ಮಿಸ್ ಕೆಂಪು?"

ಕೇಳಿದವನು ಮುನಿರಾಜು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಅವನು ನಗಿಸುವುದಕ್ಕೆ ಹೆಸರಾದವನು. ಚಿತ್ರಕಲೆಯ ಪುಸ್ತಕದಲ್ಲಿ ಮರಕ್ಕೆ ಕಂದು ಎಲೆ ಹಾಕಿ, ಗಿಳಿಗೆ ಹುಣಸೆಹಣ್ಣಿನ ಬಣ್ಣ ಬಳಿದು, ಕೇಳಿದರೆ "ಮುದಿ ಗಿಳಿ ಸಾರ್" ಎಂದು ಉತ್ತರ ಕೊಟ್ಟು, ಆ ಉತ್ತರಕ್ಕೇ ಶಾಲೆಯಲ್ಲೆಲ್ಲ ಪ್ರಸಿದ್ಧನಾಗಿದ್ದ. ನಾನೂ ನಕ್ಕೆ. ನಕ್ಕು, ಪಾಠ ಮುಂದುವರಿಸಿದೆ.

ಆ ಪಾಠ ನಿಮಗೂ ಸ್ವಲ್ಪ ಹೇಳುತ್ತೇನೆ, ಬೇಸರಿಸಬೇಡಿ. ಬಿಸಿಲು ಬಿದ್ದಾಗ ಎಲೆ ನಮ್ಮ ಕಣ್ಣಿಗೆ ಹಸಿರನ್ನಷ್ಟೇ ಕಳಿಸುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ಅದಕ್ಕಿಂತ ಎಷ್ಟೋ ಹೆಚ್ಚಾಗಿ ಹಿಂದಿರುಗಿಸುವ ಇನ್ನೊಂದು ಬೆಳಕಿದೆ, ಅವಕೆಂಪು ಎಂದು ಅದರ ಹೆಸರು. ಮನುಷ್ಯನ ಕಣ್ಣಿಗೆ ಅದು ಕಾಣುವುದೇ ಇಲ್ಲ. ಉಪಗ್ರಹಕ್ಕೆ ಕಾಣುತ್ತದೆ. ಕಂಡದ್ದನ್ನು ನಮಗೆ ತೋರಿಸಲು ಅದಕ್ಕೊಂದು ಬಣ್ಣ ಬೇಕಲ್ಲ, ಅದಕ್ಕೆ ಕೆಂಪು ಕೊಡುತ್ತಾರೆ. ಗಿಡ ಎಷ್ಟು ಸೊಂಪಾಗಿದ್ದರೆ ಚಿತ್ರ ಅಷ್ಟು ಕೆಂಪು. ಅಂದರೆ ನಾವು ಹುಟ್ಟಿದಾರಭ್ಯ ನೋಡುತ್ತ ಬಂದ ಹೊಂಗೆಮರವನ್ನು ಪೂರ್ತಿ ಯಾರೂ ನೋಡಿಯೇ ಇಲ್ಲ. ಅದು ದಿನವಿಡೀ ನಮ್ಮ ಮುಖಕ್ಕೆ ಬೆಳಕು ಎರಚುತ್ತಿದ್ದರೂ ನಾವು ಏನೂ ಗೊತ್ತಿಲ್ಲದವರಂತೆ ಅದರ ಕೆಳಗೆ ಬುತ್ತಿ ಬಿಚ್ಚಿ ಉಂಡು ಬಂದಿದ್ದೇವೆ. "ಹಂಗಾದ್ರೆ ನಾವೆಲ್ಲ ಕುರುಡರಾ ಮಿಸ್?" ಎಂದಳು ಶಬಾನಾ. "ಆ ಬೆಳಕಿನ ಮಟ್ಟಿಗೆ ಹೌದು ಕಣೇ" ಎಂದೆ. ಮಕ್ಕಳಿಗೆ ಬಲು ಸಂತೋಷವಾಯಿತು. ಹೆಡ್ಮಾಸ್ಟರೂ ಕುರುಡರೇ ಎಂಬುದು ಇತ್ಯರ್ಥವಾದ ಮೇಲಂತೂ ಸಂತೋಷ ಮೇರೆ ಮೀರಿತು.

ಊಟದ ಗಂಟೆ ಹೊಡೆದು ಎಲ್ಲರೂ ತಟ್ಟೆ ಹಿಡಿದು ಓಡಿದರು. ಮುನಿರಾಜು ಹೋಗಲಿಲ್ಲ. ಮೂಗು ತಾಗುವಷ್ಟು ಹತ್ತಿರ ನಿಂತು ಚಿತ್ರವನ್ನು ನೋಡುತ್ತಿದ್ದ.

"ಮಿಸ್, ಈ ಗೆರೆ ರಸ್ತೆ ಅಂತ ಹೇಳಿದ್ರಲ್ಲ, ರಸ್ತೆ ಅಲ್ಲ ಅನ್ಸುತ್ತೆ."

"ಯಾಕೋ?"

"ರಸ್ತೆ ಚಕ್ಕಂತ ತಿರುಗುತ್ತೆ. ಇದು ನೋಡಿ, ದೂರದಿಂದ ಮೆಲ್ಲಗೆ ಬಗ್ಗಿಕೊಂಡು ಬರುತ್ತೆ. ಆ ಕಡೆ ರೈಲಿನ ಏರಿ ಇಲ್ವಾ, ಅದು."

ಹೌದು. ಹಿಂದೆ ನಮ್ಮ ಕಡೆ ಓಡುತ್ತಿದ್ದ ಚಿಕ್ಕ ರೈಲು ನಿಂತುಹೋಗಿ, ದೊಡ್ಡ ಹಳಿಗಾಗಿ ಕಾಯುತ್ತ ಮಲಗಿದ್ದ ಮಣ್ಣಿನ ಏರಿ ಅದು. ಗೆರೆಯ ಬಾಗು ನೋಡಿ ಗುರುತಿಸುವ ಈ ಉಪಾಯವನ್ನು ತರಬೇತಿಯಲ್ಲೂ ಹೇಳಿದ್ದರು, ಬಹುಶಃ ಊಟವಾದ ಮೇಲೆ. ಇವನಿಗೆ ಯಾರೂ ಹೇಳಿರಲಿಲ್ಲ. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ಹುಡುಗ ಎದುರಿಗೆ ರಾಚುವ ಕೆಂಪನ್ನು ಎಲ್ಲಿದೆ ಎಂದು ಯಾಕೆ ಕೇಳಿದ? ಮನಸ್ಸಿಗೆ ಏನೋ ಹೊಳೆದಂತಾಗಿ ಅವನನ್ನು ತರಗತಿಗೆ ಕರೆದುಕೊಂಡು ಹೋದೆ. ಕಪ್ಪುಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಒಂದು ಗೆರೆ, ಹಸಿರಿನಲ್ಲಿ ಒಂದು ಗೆರೆ ಎಳೆದೆ.

"ಯಾವುದು ಯಾವ ಬಣ್ಣ ಹೇಳು."

ಅವನು ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದ. ಉತ್ತರ ಅಲ್ಲಿರಬಹುದೆಂದು ಹುಡುಕುವ ಅಭ್ಯಾಸ ಬಹಳ ಹಳೆಯದಿರಬೇಕು.

"ಎರಡೂ ಒಂದೇ ಥರ ಇದೆ ಮಿಸ್."

"ಮತ್ತೆ ಇಷ್ಟು ದಿನ ಯಾಕೋ ಹೇಳಲಿಲ್ಲ?"

ಅವನು ತಲೆ ತಗ್ಗಿಸಿ, ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಹೇಳಿದ್ದನ್ನು ನಾನು ಮರೆತಿಲ್ಲ. "ಎಲ್ರಿಗೂ ಹಿಂಗೇ ಕಾಣುತ್ತೆ ಅನ್ಕೊಂಡಿದ್ದೆ ಮಿಸ್. ಎಲೆ ಹಸಿರು, ಟೊಮೆಟೊ ಕೆಂಪು ಅಂತ ನೀವೆಲ್ಲ ಬಾಯಿಪಾಠ ಮಾಡಿ ನೆನಪಿಟ್ಕೊಂಡಿದ್ದೀರ, ನನಗೆ ಮಾತ್ರ ಮರ್ತುಹೋಗುತ್ತೆ ಅನ್ಕೊಂಡೆ."

ಬಣ್ಣವೆಂದರೆ ಮಗ್ಗಿಯಂತೆ ಉರುಹೊಡೆಯಬೇಕಾದ ಸಂಗತಿ ಎಂದು ತಿಳಿದು, ತನಗೆ ಜ್ಞಾಪಕಶಕ್ತಿ ಸಾಲದು ಎಂದು ಒಳಗೊಳಗೇ ನಾಚಿಕೊಂಡು, ಆ ನಾಚಿಕೆಯನ್ನು ಮುಚ್ಚಲು ಊರನ್ನೆಲ್ಲ ನಗಿಸುತ್ತ ಬಂದ ಹುಡುಗ. ನಾನು ಇನ್ನೂ ಏನೇನೋ ಕೇಳಬೇಕೆಂದಿದ್ದೆ. ಅವನಿಗೆ ಮಾತ್ರ ಹಸಿವಾಗಿತ್ತು. ತಟ್ಟೆ ಹಿಡಿದು ಓಡಿದ.

ಮುನಿರಾಜುವಿನ ಮನೆಯವರು ಟೊಮೆಟೊ ಬೆಳೆಯುತ್ತಿದ್ದರು. ವಿಧಿಯ ಹಾಸ್ಯಪ್ರಜ್ಞೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ರಜೆಯ ದಿನ ಹಣ್ಣು ಬಿಡಿಸಲು ಕಳಿಸಿದರೆ ಅವನ ಕ್ರೇಟಿನಲ್ಲಿ ಕಾಯಿ, ದೋರೆ, ಹಣ್ಣು ಎಲ್ಲ ಸಮಾನತೆಯಿಂದ ಬಾಳುತ್ತಿದ್ದವು; ಚಿಂತಾಮಣಿ ಮಾರುಕಟ್ಟೆಯಲ್ಲಿ ಅದನ್ನು ನೋಡಿದ ಮಂಡಿಯವರು ಆಡುವ ಮಾತನ್ನೆಲ್ಲ ಅಪ್ಪ ಮನೆಗೆ ತಂದು ಮಗನಿಗೆ ಒಪ್ಪಿಸುತ್ತಿದ್ದ. ಈಚೆಗೆ ಅವನು ಒಂದೊಂದೇ ಹಣ್ಣನ್ನು ಬೆರಳಿನಿಂದ ಒತ್ತಿ ನೋಡಿ ಕೀಳುತ್ತಿದ್ದನಂತೆ. ಒತ್ತಿದ ಹಣ್ಣು ಮಾರುಕಟ್ಟೆ ತಲುಪುವಷ್ಟರಲ್ಲಿ ಮೆತ್ತಗಾಗಿ ಅದಕ್ಕೂ ಬೈಗುಳ. ಅವನ ತಾಯಿ ವೆಂಕಟಲಕ್ಷ್ಮಮ್ಮನನ್ನು ಶಾಲೆಗೆ ಕರೆಸಿ ವಿಷಯ ತಿಳಿಸಿದಾಗ ಆಕೆ ಮೊದಲು ನಂಬಲಿಲ್ಲ.

"ಕಣ್ಣು ಸರಿಯಾಗೇ ಇದೆ ಮೇಡಂ. ಮರದ ತುದೀಲಿ ಜೇನು ಕಟ್ಟಿದ್ರೆ ಊರಿಗೆ ಮುಂಚೆ ಇವನಿಗೇ ಕಾಣುತ್ತೆ. ಸೋಮಾರಿತನ ಅಷ್ಟೆ."

ಕೊನೆಗೆ ಮೂವರೂ ಚಿಂತಾಮಣಿಯ ಕಣ್ಣಿನ ಡಾಕ್ಟರ ಬಳಿಗೆ ಹೋದೆವು. ಬಣ್ಣಬಣ್ಣದ ಚುಕ್ಕೆಗಳ ಪುಟಗಳನ್ನು ಅವರು ಒಂದೊಂದಾಗಿ ತಿರುವಿದರು. ಪ್ರತಿ ಪುಟದ ಚುಕ್ಕೆಗಳ ನಡುವೆ ಒಂದು ಅಂಕಿ ಅಡಗಿರುತ್ತದೆ. ತಾಯಿಗೆ ಎಲ್ಲ ಅಂಕಿಗಳೂ ಕಂಡವು, ಮಗನಿಗೆ ಬರೀ ಚುಕ್ಕೆಗಳು ಕಂಡವು. ಇಂಥಿಂಥ ಪುಟದಲ್ಲಿ ಏನೂ ಇಲ್ಲ ಎಂದು ಅವನು ಹೇಳಿದಾಗಲೆಲ್ಲ ವೆಂಕಟಲಕ್ಷ್ಮಮ್ಮನ ಕೈ ಸೆರಗಿನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿತ್ತು. ಇದು ಹುಟ್ಟಿನಿಂದ ಬಂದದ್ದು, ಔಷಧವಿಲ್ಲ, ಭಯವೂ ಇಲ್ಲ, ದೃಷ್ಟಿ ಕುಂದುವುದಿಲ್ಲ ಎಂದರು ಡಾಕ್ಟರು. "ರೈಲು ಓಡಿಸೋ ಕೆಲಸಕ್ಕೆ ಮಾತ್ರ ತಗೊಳ್ಳಲ್ಲಪ್ಪ."

"ಪರವಾಗಿಲ್ಲ ಸಾರ್, ನಮ್ಮ ಕಡೆ ರೈಲೇ ಇಲ್ವಲ್ಲ" ಎಂದ ಮುನಿರಾಜು.

ತಾಯಿಗೆ ನಗು ಬರಲಿಲ್ಲ. ಇಷ್ಟು ವರ್ಷ ಮಗನನ್ನು ಬೈದದ್ದೆಲ್ಲ ಒಟ್ಟಿಗೆ ನೆನಪಾಗಿ ಆಕೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಡಾಕ್ಟರು ಸಮಾಧಾನ ಮಾಡುತ್ತ, ಇದು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ, ನಿಮ್ಮ ತಂದೆಗೇನಾದರೂ ಹೀಗಿತ್ತೇ ಎಂದು ಕೇಳಿದರು. ವೆಂಕಟಲಕ್ಷ್ಮಮ್ಮ ಅಳು ನಿಲ್ಲಿಸಿ ಒಂದು ಗಳಿಗೆ ಡಾಕ್ಟರ ಮುಖವನ್ನೇ ನೋಡಿದಳು. ಆಮೇಲೆ ಕಣ್ಣೀರು ಒರೆಸಿಕೊಳ್ಳದೆಯೇ ನಗಲು ಶುರುಮಾಡಿದಳು.

"ಅಯ್ಯೋ, ನಮ್ಮ ನಾಯ್ನ! ನನ್ನ ಮದುವೇಗೆ ಇಟ್ಟಿಗೆ ಬಣ್ಣದ ಸೀರೆ ತಂದಿದ್ದೀನಿ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರು ಸಾರ್. ಬಿಚ್ಚಿ ನೋಡಿದ್ರೆ ಗಿಳಿಹಸಿರು! ನಮ್ಮಮ್ಮ ಸಾಯೋವರೆಗೂ ಆಡಿಕೊಂಡಳು. ಪಾಪ, ಅವರು ಅಂಗಡಿಯೋನು ಮೋಸ ಮಾಡಿದ ಅಂತಾನೇ ಇವತ್ತಿಗೂ ಹೇಳ್ತಾರೆ."

ಇದೆಲ್ಲ ನಡೆಯುವಾಗ ಚಿಕ್ಕಬಳ್ಳಾಪುರದ ವಿಜ್ಞಾನ ವಸ್ತುಪ್ರದರ್ಶನ ಹತ್ತಿರವಾಗುತ್ತಿತ್ತು. ಉಪಗ್ರಹ ಚಿತ್ರವನ್ನು ವಿವರಿಸಲು ನಮ್ಮ ಶಾಲೆಯಿಂದ ಇಬ್ಬರು ಮಕ್ಕಳನ್ನು ಕಳಿಸಬೇಕು. ನಾನು ಶಬಾನಾ ಮತ್ತು ಮುನಿರಾಜು ಎಂದೆ. ನಾರಾಯಣಪ್ಪನವರು ಪೆನ್ನು ಕೆಳಗಿಟ್ಟರು.

"ಮೇಡಂ, ಹುಡುಗನ ಮೇಲೆ ನನಗೂ ಕನಿಕರ ಇದೆ. ಆದ್ರೆ ಇದು ಬಣ್ಣದ ಚಿತ್ರ. ನಿರ್ಣಾಯಕರು ಮೊದಲು ಕೇಳೋದೇ ಬಣ್ಣ. ಅಷ್ಟು ಜನರ ಮುಂದೆ ಅವನು ತಬ್ಬಿಬ್ಬಾದ್ರೆ ಆಮೇಲೆ ಯಾವತ್ತೂ ಬಾಯಿ ಬಿಡಲ್ಲ."

ಅವರ ಮಾತಿನಲ್ಲಿ ಹುರುಳಿತ್ತು, ಅದೇ ಕಷ್ಟ. ಸಂಗತಿ ಶಾಲೆಗೆಲ್ಲ ಗೊತ್ತಾಗಿ ಕೆಲವರು ಆಗಲೇ ದಾರಿಯಲ್ಲಿ ಹೂವು, ಪೆನ್ನು, ರಿಬ್ಬನ್ನು ಹಿಡಿದು "ಇದು ಯಾವ ಬಣ್ಣ ಹೇಳೋ" ಎಂದು ಕಾಡುತ್ತಿದ್ದರು. ಎಲ್ಲರನ್ನೂ ನಗಿಸುತ್ತಿದ್ದವನು ಈಗ ನಗೆಗೆ ಗುರಿಯಾಗಿ ಕಡೆಯ ಬೆಂಚಿಗೆ ಸರಿದಿದ್ದ. ನಾನು ಕೇಳಿದಾಗ "ಬೇಡ ಮಿಸ್, ಬೇರೆ ಯಾರನ್ನಾದ್ರೂ ಕಳ್ಸಿ" ಎಂದ. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದು ಶಬಾನಾ. "ಬಣ್ಣ ನಾನು ಹೇಳ್ತೀನಿ ಕಣೋ, ಅದೇನು ಮಹಾ? ನನಗೆ ಆ ಗೆರೆ, ಅಂಚು ಒಂದೂ ತಲೆಗೆ ಹೋಗಲ್ಲ. ನೀನು ಬರದಿದ್ರೆ ನಾನು ಅಲ್ಲಿ ಕೆಂಪು, ಕೆಂಪು, ಕೆಂಪು ಅಂತ ಒದರಿ ಬರಬೇಕಾ?" ಎಂದು ಅವಳು ಸಿಟ್ಟಿನಿಂದ ಕೇಳಿದ ರೀತಿ, ಅವನು ಬರುವುದು ಉಪಕಾರ, ಬರದಿರುವುದು ಅಪರಾಧ ಎಂಬಂತಿತ್ತು. ಅವನು ಒಪ್ಪಿದ.

ಪ್ರದರ್ಶನದ ದಿನ ನಮ್ಮ ಎಡಕ್ಕೆ ಅಡುಗೆಸೋಡ ಹಾಕಿದರೆ ಉಕ್ಕುವ ಜ್ವಾಲಾಮುಖಿ, ಬಲಕ್ಕೆ ಗುಂಡಿ ಒತ್ತಿದರೆ ಹತ್ತಿಕೊಳ್ಳುವ ಬೀದಿದೀಪ. ಜನ ಆ ಎರಡರ ನಡುವೆ ಓಡಾಡುವಾಗ ದಾರಿಯಲ್ಲಿ ನಾವು ಸಿಕ್ಕಿದೆವೆಂದು ನಿಲ್ಲುತ್ತಿದ್ದರು. ಮಧ್ಯಾಹ್ನ ನಿರ್ಣಾಯಕರು ಬಂದರು. ಅವರಲ್ಲೊಬ್ಬರು, ಗಂಭೀರ ಮುಖದ ಹಿರಿಯರು, ಚಿತ್ರದ ಮೇಲೆ ಒಂದು ಕಡೆ ಕಡ್ಡಿ ಇಟ್ಟು ನೇರ ಮುನಿರಾಜುವಿನ ಕಡೆಗೇ ತಿರುಗಿದರು.

"ಇದು ಯಾವ ಬಣ್ಣದಲ್ಲಿದೆಯಪ್ಪಾ?"

ಹಿಂದೆ ನಿಂತಿದ್ದ ನಾರಾಯಣಪ್ಪನವರು ಕೆಮ್ಮಿದರು. ಶಬಾನಾ ಬಾಯಿ ತೆರೆದಳು. ಮುನಿರಾಜು ಅವಳನ್ನು ಕೈಯಿಂದ ತಡೆದ. ಅವನು ನಿರ್ಣಾಯಕರ ಮುಖವನ್ನು ಓದಲು ಹೋಗಲಿಲ್ಲ, ಚಿತ್ರವನ್ನು ನೋಡಿದ.

"ಬಣ್ಣ ನನಗೆ ಕಾಣಲ್ಲ ಸಾರ್. ಕೆಂಪು ಹಸಿರು ಎರಡೂ ಒಂದೇ ನನಗೆ. ಬಣ್ಣ ಶಬಾನಾ ಹೇಳ್ತಾಳೆ. ಅದು ನೀಲಗಿರಿ ತೋಪು ಅಂತ ನಾನು ಹೇಳ್ತೀನಿ."

"ಬಣ್ಣ ಕಾಣದೆ ಹೇಗೆ ಹೇಳ್ತೀಯ?" ಎಂದರು ಆ ಹಿರಿಯರು, ದನಿ ಮೆತ್ತಗೆ ಮಾಡಿಕೊಂಡು.

"ಅಂಚು ನೋಡಿ ಸಾರ್. ಗುಡ್ಡದ ಕಾಡಿನ ಅಂಚು ಹರಿದ ಚಾಪೆ ಥರ ಇದೆ. ಇದು ಬದು ಹಾಕಿದಂಗೆ ನೇರ ಇದೆ. ಯಾರೋ ನೆಟ್ಟು ಬೆಳೆಸಿರೋದು. ಮಾವಿನ ತೋಪಾಗಿದ್ರೆ ಹೆಸರುಕಾಳು ಚೆಲ್ಲಿದಂಗೆ ಚುಕ್ಕೆಚುಕ್ಕೆ ಇರ್ತಿತ್ತು."

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಬಂಡೆ, ಬೀಳುಭೂಮಿ, ಕೆರೆ ಎಂದು ಒಂದೊಂದಾಗಿ ತೋರಿಸಿದ. ಒಂದು ಕಡೆ ಮಾತ್ರ, ಯಾವ ಊರಿಗೂ ಸೇರದ ಕಪ್ಪು ಮಚ್ಚೆಯೊಂದನ್ನು ದೊಡ್ಡ ಕೆರೆ ಎಂದುಬಿಟ್ಟ. ಇನ್ನೊಬ್ಬ ನಿರ್ಣಾಯಕರು ನಕ್ಕು, "ಪಕ್ಕದಲ್ಲೇ ಬೆಳ್ಳಗಿದೆಯಲ್ಲ, ಅದು ಮೋಡ. ಇದು ಅದರ ನೆರಳು" ಎಂದರು. ಅವನೂ ನಕ್ಕ. "ನಮ್ಮ ಕಡೆ ಕೆರೆಗಳೂ ಹಂಗೇ ಸಾರ್, ಮೋಡ ಹೋದ್ರೆ ಅವೂ ಇರಲ್ಲ." ಆ ಗಂಭೀರ ಮುಖದವರೂ ತಡೆಯಲಾರದೆ ನಕ್ಕರು. ಮುನಿರಾಜು ಮತ್ತೆ ನಗಿಸುವವನಾಗಿದ್ದ. ಈ ಸಲ ಏನನ್ನೂ ಮುಚ್ಚಿಡುವುದಕ್ಕಾಗಿ ಅಲ್ಲ.

ಬಹುಮಾನ ಜ್ವಾಲಾಮುಖಿಗೆ ಹೋಯಿತು. ಉಕ್ಕುವುದಕ್ಕೂ ಉಕ್ಕದಿರುವುದಕ್ಕೂ ಲೋಕದಲ್ಲಿ ಇರುವ ವ್ಯತ್ಯಾಸ ಅಷ್ಟು. ಹಿಂದಿರುಗುವ ಬಸ್ಸಿನಲ್ಲಿ ನಾರಾಯಣಪ್ಪನವರು ತಮ್ಮ ಪಕ್ಕದ ಅಪರಿಚಿತ ಪ್ರಯಾಣಿಕರಿಗೆ ತಾವಾಗಿಯೇ ಹೇಳತೊಡಗಿದರು: "ನಮ್ಮ ಹುಡುಗ ಒಬ್ಬ ಇದ್ದಾನೆ ನೋಡಿ, ಬಣ್ಣ ಕಾಣಲ್ಲ..." ಆ ಪ್ರಯಾಣಿಕರು ಇಳಿದುಹೋದ ಮೇಲೆ ಅಲ್ಲಿ ಬಂದು ಕೂತವರಿಗೂ ಮೊದಲಿನಿಂದ ಹೇಳಿದರು.

ಕೆಲವು ದಿನ ಕಳೆದು, ಬೆಳಗಿನ ತರಗತಿ ನಡೆಯುತ್ತಿರುವಾಗ, ಬಿಳಿ ಪಂಚೆಯ ವೃದ್ಧರೊಬ್ಬರು ಕೋಲೂರಿಕೊಂಡು ಶಾಲೆಗೆ ಬಂದರು. ವೆಂಕಟಲಕ್ಷ್ಮಮ್ಮನ ತಂದೆ, ಮುನಿರಾಜುವಿನ ತಾತ. ಆಂಧ್ರದ ಗಡಿಯ ಕಡೆಯ ಊರಿನಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ಮಗಳು ಎಲ್ಲ ಹೇಳಿದ್ದಳಂತೆ. "ಆ ಪಟ ನೋಡಬೇಕಿತ್ತು ಸ್ವಾಮಿ" ಎಂದು ಹೆಡ್ಮಾಸ್ಟರ ಕೊಠಡಿಯ ಬಾಗಿಲಲ್ಲಿ ನಿಂತು ಹೇಳಿದರು. ನಾನು ಮುನಿರಾಜುವನ್ನು ಹೊರಗೆ ಕರೆದೆ. ನಾರಾಯಣಪ್ಪನವರೇ ಎದ್ದು ಬಂದು ಚಿತ್ರದ ಮುಂದೆ ಅವರನ್ನು ನಿಲ್ಲಿಸಿದರು.

ತಾತ ಬಹಳ ಹೊತ್ತು ನೋಡಿದರು. "ಇದರಲ್ಲಿ ಎಲ್ಲ ಕೆಂಪಗಿದೆ ಅಂತಾರಲ್ಲ, ಎಲ್ಲಿ?"

ನಾರಾಯಣಪ್ಪನವರು ಇಲ್ಲಿ, ಇಲ್ಲಿ, ಇಲ್ಲೆಲ್ಲ ಎಂದು ಬೆರಳಿಟ್ಟು ತೋರಿಸಿದರು. ತಾತ ಬೆರಳನ್ನು ಹಿಂಬಾಲಿಸಿ ನೋಡಿ, ಮೆಲ್ಲಗೆ ಮೊಮ್ಮಗನ ಕಡೆಗೆ ತಿರುಗಿದರು.

"ಏಮ್ರಾ, ನಿಂಗೇನಾದ್ರೂ ಕಂಡಿತಾ?"

"ಇಲ್ಲ ತಾತ."

"ನಂಗೂ ಇಲ್ಲ ಕಣೋ."

ಅಷ್ಟೆ. ಆಮೇಲೆ ಆ ಇಬ್ಬರೂ ನಗತೊಡಗಿದರು. ಒಬ್ಬರನ್ನೊಬ್ಬರು ನೋಡಿದಂತೆಲ್ಲ ನಗು ಹೆಚ್ಚಿತು. ತಾತ ಕೋಲನ್ನು ಗೋಡೆಗೆ ಒರಗಿಸಿ ಮೊಮ್ಮಗನ ಹೆಗಲು ಹಿಡಿದುಕೊಳ್ಳಬೇಕಾಯಿತು. ನಗು ಇಳಿದ ಮೇಲೆ ಹೆಗಲವಸ್ತ್ರದಿಂದ ಕಣ್ಣೊರೆಸಿಕೊಂಡು, ಎಲ್ಲರ ಮುಂದೆ ಹೇಳುವ ಮಾತಲ್ಲವೆಂಬಂತೆ ದನಿ ತಗ್ಗಿಸಿ ಹೇಳಿದರು: "ಇಷ್ಟು ವರ್ಷ ನಾನೊಬ್ಬನೇ ಅನ್ಕೊಂಡಿದ್ದೆ ಕಣಪ್ಪಾ."

ಮುನಿರಾಜು ಅವರ ಕೈ ಹಿಡಿದು ಚಿತ್ರದ ಹತ್ತಿರಕ್ಕೆ ಕರೆದುಕೊಂಡ. ಎಲ್ಲಿ ಏನಿದೆ ಎಂದು ಗಡಿಯ ಕಡೆಯಿಂದ ಶುರುಮಾಡಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ತರಗತಿಗಳು ಮುಗಿದು ಮಕ್ಕಳ ಗದ್ದಲ ಪಡಸಾಲೆಯ ಕಡೆಗೆ ನುಗ್ಗಿ ಬಂತು. ನಾರಾಯಣಪ್ಪನವರು ಸರಸರನೆ ನಡೆದು ಹೋಗಿ, ಎರಡೂ ಕೈ ಚಾಚಿ ಮಕ್ಕಳನ್ನು ತಡೆದು, ಪಡಸಾಲೆಯ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆಳೆದುಕೊಂಡರು.